ಹೊಗೆಗೆ ದಾರಿ ಬಿಡಿಸಿದ ಮುದ್ದಮ್ಮ

ಬೆಳಗಿನ ಆರು ಗಂಟೆ. ಬಿಕ್ಕೋಡಿನ ಬಳಿಯ ಕಾಫಿ ತೋಟದ ಹಳೆಯ ಬಂಗಲೆಯಲ್ಲಿ ಮುದ್ದಮ್ಮ ಬೆಂಕಿಗೂಡಿನೊಳಗೆ ಮಂಡಿಯೂರಿ, ಚಿಮಣಿಯೊಳಕ್ಕೆ ತಲೆ ತೂರಿಸಿದ್ದಾರೆ. ಹೊರಗೆ ಕಾಣುವುದು ಸೀರೆಯ ನೆರಿಗೆ, ಸುಣ್ಣ ಮೆತ್ತಿದ ಎರಡು ಪಾದ ಅಷ್ಟೆ.

"ಏನಕ್ಕಾ, ಇಂಗ್ಲಿಷ್ ದೊರೆ ಇನ್ನೂ ಒಳಗವ್ನಾ?" ಜೊತೆಗಾತಿ ಮಂಜುಳಾ ಕಿಚಾಯಿಸುತ್ತಾರೆ.

"ಅವನೆಲ್ಲಿ ಬತ್ತಾನೆ ಕಣೇ. ಬೆಳಕು ಬತ್ತೈತೆ ನೋಡು."

ಇಂದು ಬೆಂಕಿ ಹೊತ್ತಿ ಹೊಗೆ ನೆಟ್ಟಗೆ ಮೇಲೇರಿ, ಗೋಡೆ ಒಣಗಿದ್ದು ಖಾತ್ರಿಯಾದರೆ ಈ ಹಜಾರ ಉಳಿಯುತ್ತದೆ. ಇಲ್ಲದಿದ್ದರೆ ಕೆಡವಿ ಕಾಂಕ್ರೀಟು.

ನೂರಿಪ್ಪತ್ತು ವರ್ಷದ ಹಿಂದೆ ಇಂಗ್ಲಿಷ್ ತೋಟಗಾರನೊಬ್ಬ ತನ್ನೂರಿನ ಮನೆಗಳಂತೆಯೇ ಕಟ್ಟಿಸಿದ ಬಂಗಲೆ ಇದು. ಆಮೇಲೆ ಬಂದವರು ಜಗಲಿಗೆ ಗೋಡೆ ಎಬ್ಬಿಸಿ ಆಫೀಸು ಮಾಡಿದರು, ಹೊರಗಿದ್ದ ಅಡುಗೆಮನೆಯನ್ನು ಒಳಗೆ ಸೇರಿಸಿದರು, ಬೀರು ಇಡಲೆಂದು ಬೆಂಕಿಗೂಡಿಗೆ ಇಟ್ಟಿಗೆ ಕಟ್ಟಿಸಿದರು. ಅಲ್ಲಿಂದಾಚೆ ಆ ಗೋಡೆ ಒಣಗಲೇ ಇಲ್ಲ. ಎರಡು ಸಲ ಹೆಂಚು ಬದಲಾಯಿತು, ಸಿಮೆಂಟು ಬಳಿದದ್ದಾಯಿತು. ಕೆಡವುವುದೇ ದಾರಿ ಎಂದರು ಎಂಜಿನಿಯರ್.

ಉಳಿದ ಕೋಣೆಗಳಿಗೆ ಸುಣ್ಣ ಹೊಡೆಯಲು ಬಂದ ಮುದ್ದಮ್ಮ ಹಜಾರದ ಬೀರು ಸರಿಸಿದಾಗ, ಮೂಲೆಯ ಗಾರೆಯಲ್ಲಿ ಒಂದು ಸೊಟ್ಟ ಹೆಬ್ಬೆರಳಿನ ಗುರುತು ಕಂಡಿತು. ಅವರ ತಂದೆ ಮರಿಯಣ್ಣ ಮೇಸ್ತ್ರಿ, ಕೆಲಸ ಮುಗಿದಾಗ ಕೊನೆಯ ಹಸಿ ಗಾರೆಗೆ ಹೆಬ್ಬೆರಳು ಒತ್ತುತ್ತಿದ್ದವರು.

"ಆ ಗಾರೆ ಹೊತ್ತೋಳೇ ನಾನು, ಹನ್ನೆರಡು ವರ್ಷದೋಳು. ಅಪ್ಪ ಕೆಳಗೆ ಮುಚ್ಚವ್ನೆ, ಚಿಮಣಿ ಮೇಲಿನ ಬಾಯಿ ಹಂಗೇ ಬಿಟ್ಟವ್ನೆ. ನಲವತ್ತಾರು ವರ್ಷದ ಮಳೆನೆಲ್ಲ ಗೋಡೆ ಕುಡಿದೈತೆ. ತಪ್ಪು ನಮ್ಮಪ್ಪಂದೇ. ಮೂರು ತಿಂಗ್ಳು ಕೊಡಿ ಸಾರ್ ಅಂದೆ."

ತೋಟದ ಮಾಲೀಕ ಮೋಹನ್‌ಕುಮಾರ್ ಕೊಟ್ಟರು. "ಅಪ್ಪನ ತಪ್ಪು ಅಂತ ಒಪ್ಕೊಂಡು ಕೆಲಸ ಕೇಳಿದೋರನ್ನ ನಾನು ನೋಡೇ ಇರಲಿಲ್ಲ" ಎನ್ನುತ್ತಾರೆ.

ಐವತ್ತೆಂಟರ ಮುದ್ದಮ್ಮನಿಗೆ ಗಾರೆ ಮೆತ್ತುವ ಕರಣೆ ಸುಲಭವಾಗಿ ಕೈಗೆ ಬಂದದ್ದಲ್ಲ. "ಹೆಂಗಸಿಗೆ ಬಾಂಡ್ಲಿ ಹೊರೋದೇ ಸಾಕು ಅಂತಿದ್ರು ಮೇಸ್ತ್ರಿಗಳು. ಊಟದ ಹೊತ್ನಲ್ಲಿ ಅವ್ರ ಕರಣೆ ಎತ್ಕೊಂಡು ಕಲ್ತೆ." ಈ ಮೂರು ತಿಂಗಳಲ್ಲಿ ಚಿಮಣಿಯಿಂದ ಅರವತ್ತು ಬುಟ್ಟಿ ಕಸ, ಮಸಿ, ಹಕ್ಕಿಗೂಡು ತೆಗೆದಿದ್ದಾರೆ. ಸಿಮೆಂಟು ಕೆತ್ತಿದ್ದಾರೆ. ಇಪ್ಪತ್ತೊಂದು ದಿನ ನೆನೆಸಿದ ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಗಾರೆ ಮೆತ್ತಿದ್ದಾರೆ. ಮಳೆ ಇಳಿಯದೆ ಹೊಗೆ ಮಾತ್ರ ಹೋಗುವಂತೆ ಚಿಮಣಿಯ ತಲೆಗೆ ನಾಲ್ಕು ಕಾಲಿನ ಕಲ್ಲುಚಪ್ಪಡಿಯ ಟೋಪಿ ಇಟ್ಟಿದ್ದಾರೆ.

ಈಗ ಕಾಫಿ ಗಿಡದ ಒಣಪುಳ್ಳೆಗೆ ಕಡ್ಡಿ ಗೀರುತ್ತಾರೆ. ಹೊಗೆ ಒಂದು ಕ್ಷಣ ಹಜಾರದತ್ತ ತಿರುಗುತ್ತದೆ. ಮರುಕ್ಷಣವೇ ಯಾರೋ ಮೇಲಿಂದ ಎಳೆದಂತೆ ಸರ್ರನೆ ಏರುತ್ತದೆ. ಅಂಗಳದಿಂದ ಮಂಜುಳಾ ಕೂಗುತ್ತಾರೆ: "ಬಂತು ಕಣಕ್ಕೋ! ನೆಟ್ಟಗೆ ಬಂತು!" ಪರೀಕ್ಷೆ ನೋಡಲು ಬಂದಿದ್ದ ಎಂಜಿನಿಯರ್ ಗೋಡೆಗೆ ಅಂಗೈ ಒತ್ತಿ, ತಿರುಗಿಸಿ ನೋಡಿಕೊಳ್ಳುತ್ತಾರೆ. ಪಸೆಯಿಲ್ಲ. "ಕೆಡವೋದು ಬೇಡಮ್ಮ" ಎನ್ನುತ್ತಾರೆ.

ಇಟ್ಟಿಗೆ ಬಿಚ್ಚುವಾಗಲೂ ತಂದೆಯ ಗುರುತಿದ್ದ ಅಂಚನ್ನು ಮುದ್ದಮ್ಮ ಉಳಿಸಿಕೊಂಡಿದ್ದಾರೆ. ಅದರ ಪಕ್ಕ ಒಂದು ಹಿಡಿ ಹಸಿ ಗಾರೆ ಮೆತ್ತಿ ತಮ್ಮ ಹೆಬ್ಬೆರಳು ಒತ್ತುತ್ತಾರೆ.

"ಮುಚ್ಚಿದೋನು ಅವನು, ತೆಗೆದೋಳು ನಾನು. ಇದರ ಮೇಲೊಂದು ಬಣ್ಣ ಬಳೀಬೇಡಿ ಸಾರ್, ಅಷ್ಟು ಸಾಕು."