ಹರಿಯದ ಹಗ್ಗ

ನನ್ನ ಮೊದಲ ಕಾದಂಬರಿಯ ಸರ್ವಾಧಿಕಾರಿ ಒಂದು ಹೋರಿ. ದನಗಳ ನಾಡಿಗೆ ತಾನೇ ದೊರೆಯೆಂದು ಸಾರಿಕೊಂಡು, ಕೆರೆಯಲ್ಲಿ ತಾನು ಕುಡಿದು ಮಿಕ್ಕಿದ ನೀರನ್ನು ಉಳಿದವಕ್ಕೆ ಬಿಡುವ, ಎದುರು ಬಂದವರನ್ನು ತುಳಿದು ಹೋಗುವ ಹೋರಿ. ಆಗ ಯುದ್ಧ ನಡೆದಿತ್ತು. ಇದು ಯುರೋಪಿನ ಸರ್ವಾಧಿಕಾರಿಯೇ ಸರಿ ಎಂದು ಧಾರವಾಡದ ಓದುಗರೊಬ್ಬರು ಮೆಚ್ಚಿ ಪತ್ರ ಬರೆದರು. ಹೌದೆಂದು ಮರುಟಪಾಲಿಗೇ ಉತ್ತರಿಸಿದೆ. ಸುಳ್ಳು. ಹೋರಿ ಇದ್ದದ್ದು ಶಿಗ್ಗಾವಿ ತಾಲೂಕಿನಲ್ಲಿ, ನಾನು ಮಾಸ್ತರನಾಗಿದ್ದ ಹಳ್ಳಿಯ ಗೌಡನ ಕೊಟ್ಟಿಗೆಯಲ್ಲಿ. ದೊರೆ ಇದ್ದದ್ದು ಆ ಕೊಟ್ಟಿಗೆಯ ಮುಂದಿನ ಕಟ್ಟೆಯ ಮೇಲೆ.

ನಮ್ಮ ಕಡೆ ದೀಪಾವಳಿಗೆ ಹೋರಿ ಬಿಡುತ್ತಾರೆ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಊರ ಅಗಸಿ ಬಾಗಿಲಿನಿಂದ ಓಡಿಸುತ್ತಾರೆ. ಹರೆಯದವರು ಮೇಲೆ ಬಿದ್ದು ಹಾರ ಹರಿಯಲು ನೋಡುತ್ತಾರೆ. ಯಾರ ಕೈಗೂ ಸಿಗದ ಹೋರಿಯ ಒಡೆಯ ವರ್ಷವಿಡೀ ಮೀಸೆ ತಿರುವಬಹುದು. ಒಂದು ವರ್ಷ ಗೌಡನ ಹೋರಿಯ ಹಾರವನ್ನು ಒಬ್ಬ ಹರಿದ. ಕೂಲಿ ಮಾಡುವ ವಿಧವೆಯೊಬ್ಬಳ ಒಬ್ಬನೇ ಮಗ. ಮರುವರ್ಷ ಅವನು ಅಗಸಿಗೆ ಬೆನ್ನು ಮಾಡಿ ಧೋತರ ಬಿಗಿದುಕೊಳ್ಳುತ್ತಿದ್ದಾಗ, ಓಟದ ಸೂಚನೆಗೆ ಹಲಗೆ ಬಾರಿಸುವ ಮೊದಲೇ ಹೋರಿ ಬಂದು ತಿವಿಯಿತು. ಹಾನಗಲ್ಲಿನ ದವಾಖಾನೆಗೆ ಚಕ್ಕಡಿಯಲ್ಲಿ ಒಯ್ಯುವಾಗ ದಾರಿಯಲ್ಲೇ ಸತ್ತ. ಹೋರಿಯ ಹಗ್ಗ ಹರಿಯಿತು ಎಂದ ಗೌಡ. ಊರೂ ಹಾಗೆಯೇ ಅಂದಿತು.

ಧೋತರ ಎಂದು ಬರೆದೆ. ನಾನು ಅಲ್ಲಿರಲಿಲ್ಲ. ಬೀಡಿ ಹಚ್ಚುತ್ತಿದ್ದ ಎಂದೂ ಕೆಲವರು ಹೇಳುತ್ತಾರೆ. ಕಾದಂಬರಿಕಾರನಿಗೆ ಧೋತರ ಒಪ್ಪಿತು, ನೆನಪು ಅದನ್ನೇ ಇಟ್ಟುಕೊಂಡಿತು. ಮುಂದಿನದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.

ಹದಿನೈದು ದಿನ ಕಳೆದಿರಬೇಕು. ಶಾಲೆ ಬಿಟ್ಟ ಹೊತ್ತಿನಲ್ಲಿ ಆ ತಾಯಿ ಬಂದು, ಸೆರಗಿನೊಳಗಿನಿಂದ ಒಂದು ಹಗ್ಗ ತೆಗೆದು ನನ್ನ ಮುಂದಿಟ್ಟಳು.

"ನೋಡ್ರಿ ಮಾಸ್ತರ, ಎಲ್ಲಿ ಹರದೈತಿ ತೋರಸ್ರಿ."

ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸಿದೆ. ಎಲ್ಲೂ ಹರಿದಿರಲಿಲ್ಲ. ಒಂದು ಕಡೆ ಬಿಚ್ಚಿದ ಗಂಟಿನ ಸುಕ್ಕು ಇತ್ತು.

"ಇದು ನಿನ್ನ ಕೈಗೆ ಹೆಂಗ ಬಂತವ್ವಾ?"

"ಹೋರಿ ಕಟ್ಟಿದ್ದ ಗೂಟದ ಬುಡಕ್ಕ ಬಿದ್ದಿತ್ರಿ. ಮಂದಿ ಎಲ್ಲಾ ನನ್ನ ಮಗನ ಸುತ್ತ ನಿಂತಿದ್ರು. ನಾ ಇದನ್ನ ಸೀರ್ಯಾಗ ಮುಚ್ಚಿಕೊಂಡ್ನಿ."

"ಫೌಜದಾರಗ ತೋರಿಸಬೇಕಿತ್ತು."

"ತೋರಿಸೀನ್ರಿ. ಗೌಡರ ಮನ್ಯಾಗ ಉಂಡು ಸವಣೂರ ಎಲಿ ಅಡಕಿ ಹಾಕ್ಕೊಳ್ಳಾಕತ್ತಿದ್ದ. ಎಮ್ಮಿ ಕಟ್ಟೂ ಹಗ್ಗ ತಂದು ತೋರಸ್ತಿ, ನಡಿ ಮುದಕಿ ಅಂದ. ನೀವು ಪುಸ್ತಕ ಬರೀತೀರಂತ. ನನ್ನ ಮಗನ ಹೆಸರು ಹಾಕ್ರಿ. ಹಗ್ಗ ಹರದಿದ್ದಿಲ್ಲಂತ ಬರೀರಿ. ಅಷ್ಟ ಸಾಕು."

ಬರೆಯುತ್ತೇನೆ ಎಂದೆ. ಹಗ್ಗವನ್ನು ಇಟ್ಟುಕೊಂಡೆ.

ಗೌಡ ಶಾಲೆಯ ಕಮಿಟಿಯಲ್ಲಿದ್ದ. ಅವನ ಒಂದು ಮಾತಿಗೆ ನನ್ನನ್ನು ಹಿರೇಕೆರೂರಿನಾಚೆಯ ಯಾವುದೋ ಮೂಲೆಗೆ ವರ್ಗ ಮಾಡುತ್ತಿದ್ದರು. ಅದಕ್ಕೇ ರೂಪಕ ಬರೆದೆ. ಇದು ಹೊಸ ಪ್ರಯೋಗ, ಕನ್ನಡಕ್ಕೆ ಬೇಕಾದದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಕಾದಂಬರಿಯಲ್ಲಿ ಹಗ್ಗ ಚಿನ್ನದ ಸರಪಳಿಯಾಯಿತು. ಸತ್ತವನು ಒಂದು ಕರುವಾದ. ಕರುವಿಗೆ ಹೆಸರಿರಲಿಲ್ಲ.

ಪುಸ್ತಕ ಹುಬ್ಬಳ್ಳಿಯಲ್ಲಿ ಅಚ್ಚಾಗಿ ಬಂದ ವಾರದೊಳಗೆ ಗೌಡ ಕರೆಸಿದ. ವರ್ಗದ ಆಜ್ಞೆ ಬಂತೆಂದುಕೊಂಡೇ ಹೋದೆ.

"ಏನ್ರಿ ಮಾಸ್ತರ, ನಮ್ಮ ಹೋರಿ ಮ್ಯಾಲೆ ಪುಸ್ತಕಾನ ಬರದು ಕಳ್ಳನಂಗ ಸುಮ್ಮನ ಕುಂತೀರಲ್ಲ! ತಡಸದಾಗ ಒಬ್ಬಾಂವ ನಮಗಿಂತ ಮದಲಿಂದ ಹೋರಿ ಬಿಡಾಕತ್ತಾನ, ಅವನ ಹೋರಿ ಮ್ಯಾಲೆ ಒಂದು ಹಾಡೂ ಇಲ್ಲ. ನಮ್ಮದರ ಮ್ಯಾಲೆ ಇಷ್ಟು ದಪ್ಪಂದು!"

ಯಾರಿಗೂ ಸಿಗದ, ಎಲ್ಲರನ್ನೂ ತುಳಿಯುವ ಹೋರಿ. ನಮ್ಮ ಸೀಮೆಯಲ್ಲಿ ಇದು ಹೊಗಳಿಕೆ ಎಂಬುದು ಬರೆಯುವಾಗ ನನಗೆ ಹೊಳೆದಿರಲಿಲ್ಲ. ಹೊಳೆದಿತ್ತೋ ಏನೋ.

ಮರುದಿನ ಚಾವಡಿಯಲ್ಲಿ ಊರವರನ್ನೆಲ್ಲ ಕೂಡಿಸಿ ನನ್ನಿಂದಲೇ ಓದಿಸಿದ. "ನಾನು ಓಡಿದ್ದೇ ದಾರಿ, ನಡುವೆ ನಿಂತವನದೇ ತಪ್ಪು" ಎಂದು ನನ್ನ ಹೋರಿ ಗುಡುಗುವಲ್ಲಿ ತೊಡೆ ತಟ್ಟಿ, "ಇನ್ನೊಮ್ಮಿ ಓದ್ರಿ" ಎಂದ. ಮೂರು ಸಲ ಓದಿದೆ. ಅಂದಿನಿಂದ ಬದುವಿನ ಜಗಳವಿರಲಿ, ನೀರಿನ ಜಗಳವಿರಲಿ, ನ್ಯಾಯ ಹೇಳಲು ಕುಳಿತಾಗೆಲ್ಲ ಗೌಡ ಅದೇ ಮಾತು ಆಡುತ್ತಿದ್ದ. ಮೊದಲು ಅವನ ಬಾಯಿಂದ ಕೇಳಿ ನಾನು ಬರೆದೆನೋ, ನನ್ನಿಂದಲೇ ಅವನು ಕಲಿತನೋ, ಈಗ ಹೇಳಲಾರೆ. ನನಗೆ ಬೇಕಾದ ಹಾಗೆ ಎರಡನ್ನೂ ನೆನಪಿಸಿಕೊಂಡಿದ್ದೇನೆ.

ಅಂದು ಓದು ಮುಗಿದಾಗ ಗೌಡ ಹೋರಿಯ ಕೊಬ್ಬರಿ ಹಾರವನ್ನು ತರಿಸಿ ನನ್ನ ಕೊರಳಿಗೆ ಹಾಕಿದ. ಆ ತಾಯಿ ಚಾವಡಿಯ ಮೆಟ್ಟಿಲ ಬಳಿ ಕುಳಿತಿದ್ದಳು.

ಮರುದಿನ ಮುಂಜಾನೆ ಅವಳು ಮನೆಗೆ ಬಂದಾಗ ನನ್ನ ಹೆಂಡತಿ ಅದೇ ಕೊಬ್ಬರಿಯನ್ನು ತುರಿಯುತ್ತಿದ್ದಳು.

"ಕರ ಸತ್ತದ್ದು ಭಾಳ ಚಲೋ ಬರದೀರಿ. ಹೆಣಮಕ್ಕಳು ಅತ್ರು," ಎಂದಳು. ಆಮೇಲೆ ಕೇಳಿದಳು: "ಆ ಕರ ಯಾರದ್ರಿ, ಮಾಸ್ತರ?"

ಅವ್ವನಿಗೆ ಚಹಾ ಕೊಡು ಎಂದು ಹೆಂಡತಿಗೆ ಹೇಳಿದೆ.

"ಹಂಗಾರ ಹಗ್ಗ ಕೊಡ್ರಿ. ಆಕಳ ಕಟ್ಟಾಕರ ಆಕೈತಿ."

ತಂದುಕೊಟ್ಟೆ. ನನ್ನೆದುರೇ ಎರಡೂ ಕೈಯಿಂದ ಜಗ್ಗಿ ನೋಡಿ, ಸುತ್ತಿ ಹೆಗಲಿಗೆ ಹಾಕಿಕೊಂಡು ಹೋದಳು.

ಗೌಡ ಸತ್ತು ಎಷ್ಟೋ ವರ್ಷಗಳಾದವು. ಹೆದರಲು ಈಗ ಯಾರೂ ಇಲ್ಲ. ಆದರೂ ಇದನ್ನು ಬರೆಯುವಾಗ ಅವಳ ಮಗನ ಹೆಸರನ್ನು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದ್ದೇನೆ. ಅವಳು ಕೇಳಿದ್ದು ಎರಡೇ. ಒಂದನ್ನಾದರೂ ಬರೆಯುತ್ತೇನೆ: ಹಗ್ಗ ಹರಿದಿರಲಿಲ್ಲ.