ಹಟ್ಟಿಯೊಳಗೆ ಬಂದ ತತ್ತಿ

ನಾವು ಸಣ್ಣವರಿದ್ದಾಗ ನಮ್ಮ ಹಟ್ಟಿಗೆ ಒಂದೇ ಬಾಗಿಲಿತ್ತು. ಕೂಡ್ಲಿಗಿ ಸೀಮೆಯ ಮ್ಯಾಸಬೇಡರ ಹಟ್ಟಿ ನಮ್ಮದು. ಸುತ್ತಲೂ ಜಾಲಿಮುಳ್ಳಿನ ಬೇಲಿ, ಬೇಲಿಯಾಚೆ ದೇವರ ಎತ್ತುಗಳು ಮೇಯುವ ಕಾವಲು. ಯಾರು ಒಳಗೆ ಬರಬೇಕು, ಯಾರು ಬರಬಾರದು ಎಂಬುದನ್ನು ಕಟ್ಟೆಯ ಮೇಲೆ ಕೂತ ಹಿರಿಯರು ಹೇಳುತ್ತಿದ್ದರು. ಅವರಿಗೆಲ್ಲ ಯಜಮಾನ ನಮ್ಮ ಅಜ್ಜ. ಕಾವಲಲ್ಲಿ ಕಲ್ಲು ಒಡೆಯಲು ಬಂದ ಕಂಟ್ರಾಕ್ಟರನನ್ನು ಒಮ್ಮೆ ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಅಟ್ಟಿದ್ದ. ನಾನೋ, ಶಾಲೆಯಲ್ಲಿ ಹೇಳಿಕೊಂಡಿದ್ದೇ ಹೇಳಿಕೊಂಡಿದ್ದು!

ಹಟ್ಟಿಯೊಳಗೆ ಕೋಳಿ ಬರುವಂತಿರಲಿಲ್ಲ. ನಮ್ಮ ದೇವರಿಗೆ ಆಗದು. ಅದರ ತತ್ತಿ, ಅಂದರೆ ಮೊಟ್ಟೆಯೂ ಅಷ್ಟೇ. ಹೊರಗೆ ಮುಟ್ಟಿದವರು ಮೈ ತೊಳೆದು, ಗಂಜಲ ಚಿಮುಕಿಸಿಕೊಂಡೇ ಒಳಗೆ ಬರಬೇಕು. "ಕೋಳಿ ಇಲ್ದ ನಿಮಗ ಬೆಳಗಾಗಿದ್ದು ಹೆಂಗ ಗೊತ್ತಾಗತೈತಲೇ?" ಎಂದು ಗೆಳತಿಯರು ಕಾಡಿಸುತ್ತಿದ್ದರು.

ಆ ವರ್ಷ ಕವಳಿಹಣ್ಣು ಬೇಕಾದಷ್ಟು ಬಿಟ್ಟಿತ್ತು. ನಾನು, ಅಜ್ಜನ ಕಿರಿಸೊಸೆ ಚಿಗವ್ವನ ಮಗಳು ಗಂಗಿ ಕಾವಲಿನ ಪೊದೆಗಳಲ್ಲಿ ನುಗ್ಗಿ, ನಾಲಿಗೆ ನೀಲಿ ಮಾಡಿಕೊಂಡು ಬರುತ್ತಿದ್ದೆವು. ಗಂಗಿಗೆ ನಾಲ್ಕು ವರ್ಷ. ಎರಡು ಹೆಜ್ಜೆ ಓಡಿದರೆ ಏದುಸಿರು, ಕೂತುಬಿಡುತ್ತಿದ್ದಳು. ಕೂಡ್ಲಿಗಿ ದವಾಖಾನೆಯಲ್ಲಿ ತೋರಿಸಿದರೆ, "ಮೈಯಾಗ ರಕ್ತನ ಇಲ್ಲ. ದಿನಾ ತತ್ತಿ ಕೊಡ್ರಿ" ಅಂದರು. ನಮ್ಮ ಅಂಗನವಾಡಿ ಇದ್ದದ್ದೇ ಬೇಲಿಯ ಹೊರಗೆ. ಚಿಗವ್ವ ದಿನಾ ಅಲ್ಲಿಯೇ ತಿನ್ನಿಸಿ, ಬಾಯಿ ತೊಳೆಸಿ, ಮಗಳನ್ನು ಕರೆತರುತ್ತಿದ್ದಳು. ಯಾರೂ ತಕರಾರು ಎತ್ತಿರಲಿಲ್ಲ.

ಒಂದು ದಿನ ಜಡಿಮಳೆ. ಗಂಗಿಗೆ ಮೈ ಸುಡುವ ಜ್ವರ, ಏಳಲಾರಳು. ಚಿಗವ್ವ ಒಬ್ಬಳೇ ಹೋಗಿ ಬೇಯಿಸಿದ ತತ್ತಿಯನ್ನು ಉಡಿಯಲ್ಲಿ ಮುಚ್ಚಿಕೊಂಡು ತಂದಳು. ಒಲೆಯ ಮೂಲೆಯಲ್ಲಿ ಕೂತು ಚೂರು ಚೂರು ಮಾಡಿ ತಿನ್ನಿಸಿದಳು. ಹಸಿ ಕಟ್ಟಿಗೆಯ ಹೊಗೆಯ ನಡುವೆ ಆ ಹೊಸ ವಾಸನೆ ನನಗೆ ಈಗಲೂ ನೆನಪಿದೆ. "ಬಾಯಿ ಬಿಡಬ್ಯಾಡ ನನ್ನವ್ವಾ" ಅಂದಳು. ನಾನು ಬಿಡಲಿಲ್ಲ. ಆದರೆ ಅವಸರದಲ್ಲಿ ಅವಳು ಸಿಪ್ಪೆ ಎಸೆದದ್ದು ದೇವರ ಎತ್ತುಗಳ ಸಗಣಿ ಹಾಕುವ ತಿಪ್ಪೆಗೆ. ಬೆಳಿಗ್ಗೆ ಅದು ಸಿಕ್ಕಿತು, ಕಟ್ಟೆ ಕೂಡಿತು.

"ಕೂಸಿಗೆ ಜ್ವರ ಇತ್ತು ಮಾವಾರ. ತಪ್ಪಾತು" ಎಂದು ಚಿಗವ್ವ ಕೈ ಮುಗಿದಳು.

"ತಪ್ಪಿಗೆ ದಾರಿ ಐತಿ" ಎಂದ ಅಜ್ಜ. "ಎಕ್ಕದ ಕಡ್ಡಿ ಕಾಯಿಸಿ ನಾಲಿಗಿಗೆ ಮುಟ್ಟಿಸ್ಕೋಬೇಕು. ನೀನೂ, ನಿನ್ನ ಮಗಳೂ."

"ನಂದು ಸುಡ್ರಿ. ಕೂಸಿಂದು ಬ್ಯಾಡ್ರಿ."

"ತಿಂದಾಕಿ ಅಕಿ."

"ನಿಮ್ಮ ಮೊಮ್ಮಗಳಲ್ಲೇನ್ರಿ ಅಕಿ?"

"ಹಂಗಾದ್ರ ಬಾಗಲಾ ಅಲ್ಲೈತಿ."

ದೇವರ ಎತ್ತು ಕಾಯುತ್ತಿದ್ದ ಚಿಗಪ್ಪ, ಗಂಗಿಯ ಅಪ್ಪ, ಅಲ್ಲೇ ಕೋಲೂರಿ ನಿಂತಿದ್ದ. ನೆಲ ನೋಡುತ್ತಿದ್ದವನು ತಲೆ ಎತ್ತಲಿಲ್ಲ. ಥೂ, ಅದೂ ಒಂದು ನಿಲುವೇ! ಚಿಗವ್ವ ಗಂಗಿಯನ್ನು ಕಂಕುಳಿಗೆ ಏರಿಸಿಕೊಂಡು ನಡೆದಳು. ಗಂಗಿಯ ಮುಷ್ಟಿಯಲ್ಲಿ ನಾನು ಆಡಲು ಕೊಟ್ಟಿದ್ದ ಕಲ್ಲುಗಳಿದ್ದವು. "ಸ್ವಂತ ಸೊಸೀನೂ ಬಿಡಲಿಲ್ಲ ನೋಡು ಯಜಮಾನ!" ಎಂದು ಕಟ್ಟೆಯ ಮೇಲಿದ್ದವರು ಹೊಗಳಿದರು. ಅವ್ವ ಒಳಗೆ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು.

ಈಗ ಕಾವಲಿನ ತುಂಬ ಸೋಲಾರ್ ಹಲಗೆಗಳಿವೆ. ಕಂಪನಿಯವರು ಕಾರಿನಲ್ಲಿ ಬಂದ ದಿನ ಅಜ್ಜ ಬಾಗಿಲಲ್ಲಿ ಕೈ ಅಡ್ಡ ಹಿಡಿದು ನಿಂತಿದ್ದ. "ಜಾಗ ಸರ್ಕಾರದ್ದು, ಸರೀರಿ ಯಜಮಾನ್ರ" ಎಂದರು. ಸರಿದ. ಈಗ ಅಲ್ಲಿ ತಂತಿ ಬೇಲಿ, ಕಬ್ಬಿಣದ ಗೇಟು. ನಮ್ಮ ಎತ್ತುಗಳಿಗೆ ಪ್ರವೇಶವಿಲ್ಲ. ಭಾನುವಾರ ಗೇಟು ಕಾಯುವವರು ಕೋಳಿ ಕೊಯ್ಯುತ್ತಾರೆ. ಪುಕ್ಕ ಗಾಳಿಗೆ ಹಾರಿ ಬಂದು ಹಟ್ಟಿಯ ಬೇಲಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿ ಯಾವ ಕಟ್ಟೆಯೂ ಕೂಡಿಲ್ಲ.

ಮೊನ್ನೆ ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಚಿಗವ್ವ ಬಸ್ ಸ್ಟ್ಯಾಂಡಿನ ಹತ್ತಿರ ಮೆಣಸಿನಕಾಯಿ ಬಜ್ಜಿ ಹಾಕುತ್ತಾಳೆ. ಗಂಗಿ ದುಂಡಗಾಗಿದ್ದಾಳೆ, ಎರಡು ಮಕ್ಕಳ ತಾಯಿ.

"ಅಜ್ಜ ಹಾಸಿಗಿ ಹಿಡದಾನ. ನಿನ್ನ ನೋಡಬೇಕಂತಾನ, ಬಾ ಚಿಗವ್ವ" ಎಂದೆ.

ಅವಳು ಬಾಣಲೆಯಿಂದ ಕಣ್ಣೆತ್ತಲಿಲ್ಲ. "ಕಾವಲಾಗ ಕೋಳಿ ಕೊಯ್ತಾರಂತ, ಹೌದನು?"

"ಹೌದು."

"ಅವರನ್ನ ಯಾರೂ ಹೊರಗ ಹಾಕ್ಲಿಲ್ಲ?"

"ಇಲ್ಲ."

"ನನ್ನ ಹಾಕಾಕ ಆಗತಿತ್ತು, ಹಾಕಿದ್ರು. ಅಷ್ಟ ನೋಡವ್ವ." ಬಿಸಿ ಬಜ್ಜಿಯನ್ನು ಪೇಪರಿನಲ್ಲಿ ಕಟ್ಟಿ ನನ್ನ ಕೈಗಿಟ್ಟಳು. "ನಿಮ್ಮಜ್ಜಗ ಕೊಡು. ತತ್ತಿ ಮುಟ್ಟಿದ ಕೈಯಲ್ಲ, ತೊಳಕೊಂಡೀನಿ ಅಂತ ಹೇಳು."

ಆ ಮಾತನ್ನೂ ಹೇಳಿ ಕೊಟ್ಟೆ. ಅಜ್ಜ ಪೊಟ್ಟಣವನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದ, ತಿನ್ನಲಿಲ್ಲ. ಅಂಗಿಗೆಲ್ಲ ಎಣ್ಣೆ ಇಳಿಯಿತು.

ಕಾವಲು ಹೋಯಿತು, ಕವಳಿಪೊದೆಗಳು ಹೋದವು ಎಂದು ಹಟ್ಟಿಯಲ್ಲಿ ಈಗ ಎಲ್ಲರೂ ಕಂಪನಿಯನ್ನು ಬೈಯುತ್ತಾರೆ. ನಾನೂ ಬೈಯುತ್ತೇನೆ. ಆದರೆ ಚಿಗವ್ವನನ್ನು ಯಾವ ಕಂಪನಿಯೂ ಕಸಿದುಕೊಂಡಿರಲಿಲ್ಲ.