ಅಲಮೇಲಮ್ಮನ ಹೆಸರಿನ ಹುಳ

ಚಾಮರಾಜಪೇಟೆಯ ಆ ಬೀದಿಯಲ್ಲಿ ಚೂಡಾಮಣಿ ಅಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ಹುಳದ ಮೇಡಂ’ ಅಂದರೆ ಮನೆ ಬಾಗಿಲವರೆಗೆ ತಂದು ಬಿಡುತ್ತಿದ್ದರು. ದನ, ಕುರಿ, ನಾಯಿ, ಕಾಡುಪ್ರಾಣಿಗಳ ಹೊಟ್ಟೆಯಲ್ಲಿ ಸಿಗುವ ಹುಳಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಇಂಥದೇ ಜಾತಿ ಎಂದು ಹೇಳುವುದು, ಪಶುವೈದ್ಯ ವಿದ್ಯಾರ್ಥಿಗಳಿಗೆ ಅದನ್ನು ಕಲಿಸುವುದು ಅವಳ ಕೆಲಸ. ತಾಯಿ ಅಲಮೇಲಮ್ಮನದೋ, ಮಡಿಯೆಂದರೆ ಮಡಿ. ಸಂಜೆ ಮಗಳು ಬಂದರೆ ಹಿತ್ತಲ ಬಾಗಿಲಿಂದ ನೇರ ಬಚ್ಚಲಿಗೆ. ತಲೆಗೆ ನೀರು ಬೀಳುವ ತನಕ ಮಾತಿಲ್ಲ. ಸ್ನಾನವಾದ ಮೇಲೂ ಕೆಲಸದ ಸುದ್ದಿ ಎತ್ತುವಂತಿರಲಿಲ್ಲ. ವರ್ಷಗಟ್ಟಲೆ ಇಬ್ಬರೂ ಸಾರು, ಹುಳಿ, ನಲ್ಲಿ ನೀರು ಬಿಟ್ಟು ಬೇರೇನೂ ಮಾತಾಡಿರಲಿಲ್ಲ.

ತೊಂಬತ್ತೇಳನೇ ಇಸವಿಯಲ್ಲಿ, ಸತ್ತ ಚಿರತೆಯೊಂದರ ಜಠರದಿಂದ ತೆಗೆದ ಹುಳ ಅವಳ ಮೇಜಿಗೆ ಬಂತು. ಬೆಕ್ಕಿನ ಕುಲದ ಪ್ರಾಣಿಗಳ ಹುಳಗಳನ್ನೆಲ್ಲ ತಾಳೆ ಹಾಕಿದಳು, ಯಾವುದಕ್ಕೂ ಹೊಂದಲಿಲ್ಲ. ಹೊಸ ಜಾತಿಯೇ ಸೈ ಎಂದು ಪ್ರಬಂಧ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸಿದಳು. ಕಂಡುಹಿಡಿದವರೇ ಹೆಸರಿಡುವುದು ವಾಡಿಕೆ. ಅಮ್ಮನ ಹೆಸರಿಟ್ಟಳು.

“ಥೂ, ಹುಳಕ್ಕೆ ಹೆತ್ತವಳ ಹೆಸರಾ?” ಎಂದು ಅಲಮೇಲಮ್ಮ ಅವತ್ತು ಊಟವನ್ನೇ ಬಿಟ್ಟರು. ಆದರೆ ವಾರ ಕಳೆಯುವಷ್ಟರಲ್ಲಿ ಬಚ್ಚಲಿನ ಹೊರಗೆ ಟವೆಲು ಹಿಡಿದು ನಿಂತು, “ನನ್ನ ಹುಳ ಹೇಗಿದೆಯೇ?” ಎಂದು ಕೇಳಿದರು. ಆಮೇಲೆ ದಿನಾ ಕೇಳಿದರು. ಅದಕ್ಕೆ ಬಾಯಿದೆಯಾ, ಮೊಟ್ಟೆ ಇಡುತ್ತಾ, ಪಾಪ, ಚಿರತೆಗೆ ನೋವಾಗ್ತಿತ್ತಾ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇಲ್ಲಿ ಹೆತ್ತವಳಿಗೆ ಹುಳವೇ ಮುದ್ದಾಯಿತು.

ಮರುತಿಂಗಳು ತರಗತಿಯಲ್ಲಿ ಮೇಕೆಯ ಜಠರ ಬಿಡಿಸಿ ತೋರಿಸುತ್ತಿದ್ದಾಗ, ಅಲ್ಲಿದ್ದ ಒಂದು ಗಂಡುಹುಳದ ಬಾಲ ಕಂಡು ಚೂಡಾಮಣಿಯ ಕೈ ನಿಂತಿತು. ಚಿರತೆಯ ಹುಳವನ್ನು ತಂದು ಪಕ್ಕದಲ್ಲಿಟ್ಟು ನೋಡಿದಳು. ಅದೇ ಬಾಲ, ಜಾತಿ ಗುರುತಿಸುವುದೇ ಅದರಿಂದ. ಚಿರತೆ ಸಾಯುವ ಮುಂಚೆ ಮೇಕೆ ತಿಂದಿತ್ತು. ಮೇಕೆಯ ಹೊಟ್ಟೆಯ ಮಾಮೂಲಿ ಹುಳವೂ ಜೊತೆಗೇ ಒಳಗೆ ಹೋಗಿತ್ತು. ಜಠರದ ರಸಕ್ಕೆ ಅದು ಊದಿಕೊಂಡಿದ್ದನ್ನೇ ಇವಳು ಹೊಸ ಲಕ್ಷಣ ಅಂದುಕೊಂಡಿದ್ದಳು. ಸಿಕ್ಕಿದ್ದು ಚಿರತೆಯಲ್ಲಿ ಅಂತ ಮೇಕೆಯ ಹುಳಗಳ ಕಡೆ ತಿರುಗಿಯೂ ನೋಡಿರಲಿಲ್ಲ. ತಿಂದ ಪ್ರಾಣಿಯ ಹುಳವೂ ಸಿಕ್ಕೀತು, ಜೋಕೆ ಎಂಬುದು ಪ್ರತಿ ವರ್ಷ ಹುಡುಗರಿಗೆ ತಾನೇ ಹೇಳುತ್ತಿದ್ದ ಎಚ್ಚರಿಕೆ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಹೋಗುವ ಬದಲು ಕಹಳೆ ಬಂಡೆ ಸುತ್ತಿದಳು, ಗಾಂಧಿಬಜಾರಿನಲ್ಲಿ ಬೇಡದ ಹೀರೇಕಾಯಿ ಕೊಂಡಳು. ಸುಮ್ಮನಿದ್ದುಬಿಟ್ಟರೆ? ಪತ್ರಿಕೆಯವರಿಗೆ ಅನುಮಾನ ಬಂದಿರಲಿಲ್ಲ. ಅಮ್ಮನ ಹೆಸರು ಅಚ್ಚಾಗುತ್ತಿತ್ತು. ಆದರೆ ಇಲ್ಲದ ಜಾತಿಗೆ ಅಮ್ಮನ ಹೆಸರು ಅಂಟಿಸುವುದು ಅವಳಿಂದಾಗಲಿಲ್ಲ. ಮರುದಿನ ಪ್ರಬಂಧ ವಾಪಸು ಕೇಳಿ ಕಾಗದ ಹಾಕಿದಳು. ಅದೇನೋ ಸುಲಭವಾಗಿತ್ತು, ಅಮ್ಮನಿಗೆ ಹೇಳುವುದೇ ಕಷ್ಟ.

ಸಂಜೆ ಬಚ್ಚಲಿನ ಹೊರಗೆ ಅದೇ ದನಿ. “ನನ್ನ ಹುಳ ಹೇಗಿದೆಯೇ?”

“ಅಮ್ಮ, ಅದು ಹೊಸದಲ್ಲ. ಮೇಕೆ ಹೊಟ್ಟೇಲಿರೋ ಮಾಮೂಲಿ ಹುಳ. ನಾನೇ ತಪ್ಪು ನೋಡ್ಬಿಟ್ಟೆ. ನಿನ್ನ ಹೆಸರು ಬರಲ್ಲ.”

ಚೂಡಾಮಣಿ ಚೊಂಬು ಹಿಡಿದೇ ನಿಂತಳು. ಬೈದರೆ ಬೈಯಲಿ, ಬೀದಿಯವರ ಮುಂದೆ ಮಾನ ಹೋಯಿತು ಅನ್ನಲಿ, ಏನಾದರೂ ಅನ್ನಲಿ ಎಂದು ಕಾದಳು.

“ಹೆಸರು ಹೋದ್ರೆ ಹೋಗ್ಲಿ ಬಿಡು,” ಅಂದರು ಅಲಮೇಲಮ್ಮ. “ನಾಳೆಯಿಂದ ನೀನು ಬಂದಾಗ ನಾನೇನು ಕೇಳ್ಲಿ?”